ಪಿಯುಸಿ ಸೈನ್ಸ್ ಮುಗಿಸಿದ ಮಗ ಬಿಎ ಓದ್ತೀನಿ ಅಂತಾನೆ, ಏನು ಮಾಡಲಿ?

ಪ್ರಶ್ನೆ: ಮೇಷ್ಟ್ರೇ, ನಾವು ಮದ್ದೂರು ತಾಲ್ಲೂಕಿನವರು. ನಾಲೆ ನೀರಿನ ಒಂದೂವರೆ ಎಕರೆ ಇದೆ, ಕಬ್ಬು ಹಾಕ್ತೀವಿ. ನಾನು ಮನೆಯಲ್ಲೇ ಬಟ್ಟೆ ಹೊಲಿಯುತ್ತೇನೆ. ಮಗ ಸೈನ್ಸ್ ತೆಗೆದುಕೊಂಡು ಸೆಕೆಂಡ್ ಪಿಯುಸಿಯಲ್ಲಿ 88 ಪರ್ಸೆಂಟ್ ಮಾಡಿದ್ದಾನೆ. ಸಿಇಟಿ ರ‍್ಯಾಂಕಿಗೆ ಖಾಸಗಿ ಕಾಲೇಜಿನಲ್ಲಿ ಎಂಜಿನಿಯರಿಂಗ್ ಸೀಟು ಸಿಗುತ್ತದಂತೆ. ನಾಲ್ಕು ವರ್ಷಕ್ಕೆ ಹಾಸ್ಟೆಲ್ ಸೇರಿ ಎಂಟು ಲಕ್ಷ ಆಗಬಹುದು ಅಂತ ಬೆಂಗಳೂರಿನಲ್ಲಿರುವ ನನ್ನ ಮೈದುನ ಲೆಕ್ಕ ಹಾಕಿದ್ದಾನೆ. ಮೂವತ್ತು ಗುಂಟೆ ಅಡವಿಟ್ಟು ಸೇರಿಸೋಣ ಅಂತ ನಮ್ಮ ಯಜಮಾನರು ಹೇಳುತ್ತಾರೆ. ಮಗ ಮಾತ್ರ ಮೈಸೂರಿಗೆ ಹೋಗಿ ಬಿಎ ಹಿಸ್ಟರಿ ಓದ್ತೀನಿ ಅಂತ ಹಟ ಹಿಡಿದಿದ್ದಾನೆ. ನಮ್ಮೂರ ಮಾರಮ್ಮನ ಗುಡಿ ಹಿಂದೆ ಒಂದು ವೀರಗಲ್ಲಿದೆ. ಎರಡು ವರ್ಷದಿಂದ ಅದರ ಅಕ್ಷರ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾನೆ. ಅರ್ಧ ಓದೋಕೂ ಕಲಿತಿದ್ದಾನೆ. ಫೋಟೋ ಕಳಿಸಿದ್ದೇನೆ. ಬಿಎ ಓದಿದರೆ ಕೆಲಸ ಎಲ್ಲಿ? ಗಂಡು ಹುಡುಗ ಬೇರೆ, ನಾಳೆ ಹೆಣ್ಣು ಕೊಡ್ತಾರಾ? ಮಾರ್ಕ್ಸ್ ತೆಗೆದ ಹುಡುಗ ಬಿಎ ಸೇರಿದರೆ ಊರಲ್ಲಿ ಆಡಿಕೊಳ್ಳುತ್ತಾರೆ ಅಂತ ಯಜಮಾನರಿಗೆ ಸಂಕಟ. ಪಕ್ಕದ ಮನೆ ಹುಡುಗಿ ಡಿಗ್ರಿ ನಾಲ್ಕು ವರ್ಷ ಅಂತಿದ್ದಳು, ಈಗ ಮೂರೇ ವರ್ಷ ಅಂತಾರೆ. ಅದೂ ಗೊತ್ತಾಗುತ್ತಿಲ್ಲ. ಏನು ಮಾಡಲಿ?

ಉತ್ತರ: ತಾಯಿ, ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ಕೆಲಸ, ಮದುವೆ, ಊರವರ ಮಾತು, ಜಮೀನು. ಈ ನಾಲ್ಕರ ಕೆಳಗೆ ಇನ್ನೊಂದು ಭಯವೂ ಇದೆ ಅನ್ನಿಸಿತು. ಇವತ್ತು ಮಗನ ಮಾತು ಕೇಳಿ, ನಾಳೆ ಅವನೇ ಬಂದು "ನನಗೆ ಬುದ್ಧಿ ಇರಲಿಲ್ಲ, ನೀವಾದರೂ ಹೇಳಬಾರದಿತ್ತಾ" ಅಂದರೆ? ಇದೇ ಮಾತನ್ನು ಎಷ್ಟೋ ತಂದೆ ತಾಯಂದಿರು ನನ್ನ ಮುಂದೆ ಆಡಿದ್ದಾರೆ. ಮಂಡ್ಯ, ಮೈಸೂರಿನ ಡಿಗ್ರಿ ಕಾಲೇಜುಗಳಲ್ಲಿ ಮೂವತ್ತೊಂದು ವರ್ಷ ಇತಿಹಾಸ ಪಾಠ ಮಾಡಿದ್ದೇನೆ. ಬಿಎ ಓದಿ ಬದುಕು ಕಟ್ಟಿಕೊಂಡವರನ್ನು ನೋಡಿದ್ದೇನೆ. ಬಿಎ ಓದಿ ಐದು ವರ್ಷ ಮನೆಯಲ್ಲಿ ಕೂತವರನ್ನೂ ನೋಡಿದ್ದೇನೆ. ಎರಡನ್ನೂ ಮುಚ್ಚಿಡದೆ ಹೇಳುತ್ತೇನೆ.

ಎಲ್ಲಕ್ಕಿಂತ ಮೊದಲು ಒಂದು ಮಾತು. ಇನ್ನೂ ಸಹಿ ಆಗಿಲ್ಲದಿದ್ದರೆ ಆ ಮೂವತ್ತು ಗುಂಟೆಯ ಕಾಗದಕ್ಕೆ ಈಗಲೇ ಸಹಿ ಹಾಕಬೇಡಿ. ಬಿಎಗೂ ಬೇಡ, ಬೇರೆ ಯಾವುದಕ್ಕೂ ಸದ್ಯಕ್ಕೆ ಬೇಡ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಈಗ ಬಿಎ ವಿಷಯ. "ಮಾರ್ಕ್ಸ್ ಇಲ್ಲದವರು ಸೇರೋದು ಬಿಎ" ಅನ್ನುವ ಮಾತು ನಮ್ಮ ಕಡೆ ಗಟ್ಟಿಯಾಗಿ ಕೂತಿದೆ. ಇದು ಮೊದಲಿನಿಂದ ಇದ್ದದ್ದಲ್ಲ. ಮೈಸೂರು ವಿಶ್ವವಿದ್ಯಾಲಯ 1916ರಲ್ಲಿ ಶುರುವಾದಾಗ ಮಹಾರಾಜ ಕಾಲೇಜಿನ ಬಿಎ ಅಂದರೆ ಹಳೇ ಮೈಸೂರಿನ ಚೂಟಿ ಹುಡುಗರು ಹುಡುಕಿಕೊಂಡು ಬರುತ್ತಿದ್ದ ಓದು. ಮುಂದೆ ರಾಷ್ಟ್ರಪತಿಯಾದ ರಾಧಾಕೃಷ್ಣನ್ ಅಲ್ಲಿ ತತ್ವಶಾಸ್ತ್ರ ಪಾಠ ಮಾಡಿದವರು. ಆಮೇಲೆ ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳು ಹೆಚ್ಚಾದವು. 1994ರಿಂದ ಸಿಇಟಿ ಬಂತು. ಎಸ್ಎಸ್ಎಲ್‌ಸಿಯಲ್ಲಿ ಜಾಸ್ತಿ ಬಂದವರಿಗೆ ಸೈನ್ಸ್, ಮಧ್ಯದವರಿಗೆ ಕಾಮರ್ಸ್, ಉಳಿದವರಿಗೆ ಆರ್ಟ್ಸ್ ಅಂತ ಶಾಲೆಯಲ್ಲೇ ಸಾಲು ಮಾಡಿಬಿಟ್ಟೆವು. ಹಾಗೆ ಸಾಲು ಮಾಡಿದವರಲ್ಲಿ ಮೇಷ್ಟ್ರುಗಳಾದ ನಾವೂ ಇದ್ದೇವೆ. ಆದ್ದರಿಂದ ಬಿಎ ತರಗತಿಯಲ್ಲಿ ಬೇರೆಲ್ಲೂ ಸೀಟು ಸಿಗದವರು ಜಾಸ್ತಿ ಇರುವುದು ನಿಜ. ಅದು ಯಾರು ಸೇರುತ್ತಾರೆ ಅನ್ನುವುದರ ಲೆಕ್ಕ. ಓದುವ ವಿಷಯದ ಬೆಲೆಗೂ ಅದಕ್ಕೂ ಸಂಬಂಧ ಇಲ್ಲ.

ಬಿಎ ಕೆಡುವುದು ಬೇರೆ ಕಡೆ. ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಹುಡುಗ ಸೇರುತ್ತಾನೆ. ಮೊದಲ ತಿಂಗಳು ತರಗತಿಗೆ ಬರುತ್ತಾನೆ. ಗೆಳೆಯರು ಬರುವುದಿಲ್ಲ, ಇವನೂ ಬಿಡುತ್ತಾನೆ. ಪರೀಕ್ಷೆಗೆ ಹದಿನೈದು ದಿನ ಇರುವಾಗ ಗೈಡ್ ತರುತ್ತಾನೆ. ಬಾಯಿಪಾಠ ಮಾಡಿ ಬರೆಯುತ್ತಾನೆ, ಪಾಸೂ ಆಗುತ್ತಾನೆ. ಆರು ಸೆಮಿಸ್ಟರ್ ಹೀಗೇ. ಮೂರು ವರ್ಷದಲ್ಲಿ ಒಂದು ಇಡೀ ಪುಸ್ತಕ ಓದಿರುವುದಿಲ್ಲ. ತನ್ನದೇ ಮಾತಿನಲ್ಲಿ ಎರಡು ಪುಟ ಬರೆದಿರುವುದಿಲ್ಲ. ಕೊನೆಗೆ ಇವನಿಗೆ ಕೆಲಸ ಸಿಗದಿದ್ದಾಗ ಊರು "ಬಿಎ ಮಾಡಿದ್ದಕ್ಕೆ ಹೀಗಾಯ್ತು" ಅನ್ನುತ್ತದೆ. ಅವನು ಮಾಡಿದ್ದು ಸುಮ್ನೆ ಬಿಎ. ಇದೇ ಬೆಂಚಿನಲ್ಲಿ ಕೂತು ದಿನಾ ಲೈಬ್ರರಿಗೆ ಹೋದ ಹುಡುಗಿ, ಅದೇ ಮಾರ್ಕ್ಸ್ ಕಾರ್ಡ್ ಹಿಡಿದು ಬೇರೆಯದೇ ಬದುಕಿಗೆ ಹೋದದ್ದನ್ನೂ ನೋಡಿದ್ದೇನೆ. ನಿಮ್ಮ ಮಗನ ವಿಷಯದಲ್ಲಿ ನನ್ನ ಚಿಂತೆ ಇದೊಂದೇ. ಬಿಎ ಸೇರುತ್ತಾನೆ ಅನ್ನುವುದಲ್ಲ, ಸೇರಿ ಮೂರು ವರ್ಷ ಏನು ಮಾಡುತ್ತಾನೆ ಅನ್ನುವುದು.

ಸೈನ್ಸ್ ಓದಿದವನು ಬಿಎ ಸೇರಬಹುದಾ? ಧಾರಾಳವಾಗಿ ಸೇರಬಹುದು. ಪಿಯುಸಿಯಲ್ಲಿ ಯಾವ ವಿಭಾಗ ಓದಿದ್ದರೂ ಬಿಎ ಬಾಗಿಲು ತೆರೆದಿದೆ. ಆರ್ಟ್ಸ್ ಓದಿದವರು ಬಿಎಸ್ಸಿಗೆ ಹೋಗಲು ಆಗುವುದಿಲ್ಲ, ಅಷ್ಟೇ. ಎರಡು ವರ್ಷ ಸೈನ್ಸ್ ಓದಿದ್ದು ದಂಡ ಅಂತಲೂ ಅಂದುಕೊಳ್ಳಬೇಡಿ. ಅಗೆತದಲ್ಲಿ ಸಿಕ್ಕ ಇದ್ದಿಲಿನ ಕಾಲ ಕಂಡುಹಿಡಿಯುವುದು ರೇಡಿಯೋ ಕಾರ್ಬನ್‌ನಿಂದ. ಹಳೆಯ ಕಲ್ಲು, ಲೋಹ ಹಾಳಾಗದಂತೆ ಕಾಯುವುದು ರಸಾಯನಶಾಸ್ತ್ರ. ಪ್ರಾಕ್ತನಶಾಸ್ತ್ರಕ್ಕೆ, ಅಂದರೆ ಆರ್ಕಿಯಾಲಜಿಗೆ, ಬರುವ ಹುಡುಗರಲ್ಲಿ ಸೈನ್ಸ್ ತಿಳಿದವರು ಕಡಿಮೆ. ಅಲ್ಲಿ ಅವನಿಗೆ ಅದು ಬಲ.

ಮೂರು ವರ್ಷವೋ ನಾಲ್ಕು ವರ್ಷವೋ ಅನ್ನುವುದಕ್ಕೆ ನೇರ ಉತ್ತರ ಇದೆ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪ್ರಕಾರ ನಮ್ಮ ರಾಜ್ಯದಲ್ಲಿ ನಾಲ್ಕು ವರ್ಷದ ಆನರ್ಸ್ ಬಂತು. 2024-25ರಿಂದ ರಾಜ್ಯ ಸರ್ಕಾರ ಅದನ್ನು ಬಿಟ್ಟು ಮತ್ತೆ ಮೂರು ವರ್ಷದ ಡಿಗ್ರಿಗೆ ಬಂದಿದೆ. ಪಕ್ಕದ ಮನೆಯ ಹುಡುಗಿ ಮಧ್ಯದ ಬ್ಯಾಚಿನವಳು ಇರಬೇಕು. ನಿಮ್ಮ ಮಗನಿಗೆ ಬಿಎ ಮೂರು ವರ್ಷ, ಆಮೇಲೆ ಬೇಕಾದರೆ ಎಂಎ ಎರಡು ವರ್ಷ.

ಕೆಲಸದ ಮಾತಿಗೆ ಬರೋಣ. "ಬಿಎಗೆ ಕೆಲಸವೇ ಇಲ್ಲ" ಅನ್ನುವುದು ಸುಳ್ಳು. "ಬಿಎ ಆದ ತಕ್ಷಣ ಕೆಲಸ" ಅನ್ನುವುದೂ ಸುಳ್ಳು. ಪಿಡಿಒ, ಎಫ್‌ಡಿಎ, ಬ್ಯಾಂಕಿನ ಪ್ರೊಬೇಷನರಿ ಆಫೀಸರ್, ಕೆಎಎಸ್, ಐಎಎಸ್ ಇವೆಲ್ಲಕ್ಕೂ ಬೇಕಾದದ್ದು ಯಾವುದಾದರೂ ಒಂದು ಡಿಗ್ರಿ. ಈ ಪರೀಕ್ಷೆಗಳ ಹಾಲ್‌ಗೆ ಹೋಗಿ ನೋಡಿದರೆ ಬಿಎ ಹುಡುಗನ ಪಕ್ಕದ ಡೆಸ್ಕಿನಲ್ಲಿ ಬಿಇ ಮುಗಿಸಿದವನೂ ಕೂತಿರುತ್ತಾನೆ. ಹಾಗಂತ ಈ ಪರೀಕ್ಷೆಗಳನ್ನೇ ನಂಬಿ ಕೂರಬಾರದು. ಅಧಿಸೂಚನೆ ಯಾವಾಗ ಬರುತ್ತದೆ, ಫಲಿತಾಂಶ ಯಾವಾಗ ಬರುತ್ತದೆ ಅನ್ನುವುದು ನಮ್ಮ ಕೈಯಲ್ಲಿ ಇರುವುದಿಲ್ಲ.

ಬಿಎ ನಿಜವಾಗಿ ಕೇಳುವುದು ಹಣಕ್ಕಿಂತ ಕಾಲವನ್ನು. ಇದನ್ನು ಯಜಮಾನರಿಗೆ ಬಿಡಿಸಿ ಹೇಳಿ. ಎಂಜಿನಿಯರಿಂಗ್ ನಾಲ್ಕು ವರ್ಷಕ್ಕೆ ಮುಗಿಯುತ್ತದೆ, ಕ್ಯಾಂಪಸ್‌ನಲ್ಲಿ ಕೆಲಸ ಸಿಕ್ಕರೆ ಇಪ್ಪತ್ತೆರಡಕ್ಕೆ ಸಂಬಳ. ಬಿಎಗೆ ಸಾಮಾನ್ಯವಾಗಿ ಇನ್ನೊಂದು ಓದು ಜೊತೆ ಸೇರಬೇಕು. ಬಿ.ಎಡ್ ಆದರೆ ಎರಡು ವರ್ಷ, ಎಂಎ ಎರಡು ವರ್ಷ, ಎಲ್‌ಎಲ್‌ಬಿ ಮೂರು ವರ್ಷ. ಪಿಯು ಉಪನ್ಯಾಸಕ ಆಗಬೇಕಾದರೆ ಎಂಎಯಲ್ಲಿ 55 ಪರ್ಸೆಂಟ್ ಜೊತೆಗೆ ಬಿ.ಎಡ್ ಕೂಡ ಬೇಕು. ಅಂದರೆ ಇಪ್ಪತ್ತನಾಲ್ಕು, ಇಪ್ಪತ್ತೈದು ವಯಸ್ಸಿನವರೆಗೆ ಮನೆಯಿಂದ ಸಣ್ಣ ಆಸರೆ ಬೇಕಾಗುತ್ತದೆ. ಒಮ್ಮೆಗೇ ಎಂಟು ಲಕ್ಷ ಬೇಡ. ಆದರೆ ಏಳು ವರ್ಷ ತಾಳ್ಮೆ ಬೇಕು. ನಿಮ್ಮ ಮನೆಯಲ್ಲಿ ಅದು ಸಾಧ್ಯವಾ ಅಂತ ಕೂತು ಮಾತಾಡಿ. ಸಾಧ್ಯವಿಲ್ಲ, ಇಪ್ಪತ್ತೆರಡಕ್ಕೆ ಅವನು ದುಡಿಯಲೇಬೇಕು ಅಂದರೆ, ಅದನ್ನು ಅವನಿಗೆ ಈಗಲೇ ಹೇಳಬೇಕು. ಮೂರನೇ ವರ್ಷದಲ್ಲಿ ಹೇಳಿದರೆ ಅನ್ಯಾಯ ಆಗುತ್ತದೆ.

ಕಾಲೇಜು ಮೇಷ್ಟ್ರ ಕೆಲಸದ ಬಗ್ಗೆ ಒಂದು ಎಚ್ಚರಿಕೆ. ಎಂಎ ಆದಮೇಲೆ ರಾಷ್ಟ್ರಮಟ್ಟದ ನೆಟ್ ಪರೀಕ್ಷೆಯನ್ನೋ ನಮ್ಮ ರಾಜ್ಯದ ಕೆ-ಸೆಟ್ ಪರೀಕ್ಷೆಯನ್ನೋ ಪಾಸು ಮಾಡಿದರೆ ಉಪನ್ಯಾಸಕ ಆಗುವ ಅರ್ಹತೆ ಬರುತ್ತದೆ. ನೆಟ್‌ನಲ್ಲಿ ಇನ್ನೂ ಮೇಲೆ ಬಂದು ಜೆಆರ್‌ಎಫ್ ಸಿಕ್ಕರೆ ಸಂಶೋಧನೆಗೆ ತಿಂಗಳಿಗೆ ₹37,000 ಕೊಡುತ್ತಾರೆ. ಇದು ಚೆನ್ನಾಗಿ ಓದುವ ಬಡ ಮಕ್ಕಳಿಗೆ ಸಿಗುವ ದೊಡ್ಡ ಆಸರೆ, ನನ್ನ ವಿದ್ಯಾರ್ಥಿಗಳಲ್ಲಿ ಕೆಲವರ ಮನೆ ಇದರಿಂದ ನಡೆದಿದೆ. ಆದರೆ ಅರ್ಹತೆ ಬೇರೆ, ಹುದ್ದೆ ಬೇರೆ. ಕಾಯಂ ಹುದ್ದೆ ತುಂಬುವುದು ಅಪರೂಪ. ನಡುವೆ ಅತಿಥಿ ಉಪನ್ಯಾಸಕರಾಗಿ ವರ್ಷ ವರ್ಷಕ್ಕೂ ಹೊಸದಾಗಿ ಅರ್ಜಿ ಹಾಕುತ್ತಾ ಇರಬೇಕಾಗುತ್ತದೆ. ನಾನೂ ಕಾಯಂ ಆಗುವ ಮುಂಚೆ ಆರು ವರ್ಷ ಒಂದು ಕಾಲೇಜಿನಲ್ಲಿ ಅರೆಕಾಲಿಕನಾಗಿದ್ದೆ. ನಾಲ್ಕು ತಿಂಗಳಿಗೊಮ್ಮೆ ಸಂಬಳ ಬರುತ್ತಿತ್ತು. ಬೇಸಿಗೆ ರಜೆಗೆ ಅದೂ ಇಲ್ಲ. ಮದುವೆಯಾಗಿತ್ತು, ಮಗು ಇತ್ತು. ನನ್ನ ಹೆಂಡತಿ ಮನೆಪಾಠ ಹೇಳಿ ಅಕ್ಕಿ ತಂದಳು. ಆ ನೋವು ಈಗಲೂ ಹೋಗಿಲ್ಲ. ನಿಮ್ಮ ಮಗ ಕಾಲೇಜು ಮೇಷ್ಟ್ರ ಕೆಲಸ ಒಂದನ್ನೇ ಗುರಿ ಇಟ್ಟುಕೊಂಡು ಬರಬಾರದು ಅಂತ ಇಷ್ಟು ಒತ್ತಿ ಹೇಳುತ್ತಿರುವುದು ಅದಕ್ಕೇ.

ಈಗ ವೀರಗಲ್ಲಿಗೆ ಬರುತ್ತೇನೆ. ನಿಮ್ಮ ಕಾಗದದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದೇ.

ನಿಮ್ಮ ಮದ್ದೂರು ತಾಲ್ಲೂಕಿನಲ್ಲೇ ಆತಕೂರು ಇದೆ ಅಲ್ವಾ. ಆ ಊರಿನ ಶಾಸನ ಇತಿಹಾಸ ಓದುವವರಿಗೆಲ್ಲ ಗೊತ್ತು. ಸುಮಾರು ಕ್ರಿ.ಶ. 950ರದು. ಚೋಳರ ರಾಜಾದಿತ್ಯ ಸತ್ತ ತಕ್ಕೋಲದ ಯುದ್ಧದ ಸುದ್ದಿ ಅದರಲ್ಲಿದೆ. ಗಂಗರ ರಾಜ ಬೂತುಗನ ಕಡೆಯ ಮಣಲೆರ ಅನ್ನುವ ವೀರ ಬಹುಮಾನವಾಗಿ ಕಾಳಿ ಅನ್ನುವ ಬೇಟೆನಾಯಿಯನ್ನು ಕೇಳಿ ಪಡೆದ. ಆ ನಾಯಿ ಒಂದು ದೊಡ್ಡ ಹಂದಿಯ ಜೊತೆ ಕಾದಾಡಿತು. ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನೆಟ್ಟು, ಪೂಜೆಗೆ ಭೂಮಿ ಬಿಟ್ಟರು. ಕಲ್ಲಿನಲ್ಲಿ ನಾಯಿ ಹಂದಿ ಕಾದುವ ಚಿತ್ರವೂ ಇದೆ. ಈಗ ಅದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಒಂದು ದೊಡ್ಡ ಯುದ್ಧದ ಸಾಕ್ಷಿ ಮತ್ತು ಒಂದು ನಾಯಿಯ ಮೇಲಿನ ಪ್ರೀತಿ ಒಂದೇ ಕಲ್ಲಿನಲ್ಲಿ ಉಳಿದದ್ದು ನಿಮ್ಮ ತಾಲ್ಲೂಕಿನಲ್ಲಿ. ಹೀಗೆ ಒಂದು ಕಲ್ಲಿನ ಮುಂದೆ ಎರಡು ವರ್ಷ ಕೂತ ಹುಡುಗನಿಗೆ ಇತಿಹಾಸ ಬೇಕು ಅನ್ನಿಸಿದರೆ ಅದು ಹಟ ಅಂತ ನನಗೆ ತೋರುವುದಿಲ್ಲ.

ಈ ಆಸೆಗೆ ಮೈಸೂರಿಗಿಂತ ಒಳ್ಳೆಯ ಊರು ಕಡಿಮೆ. ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಶಾಸನ ವಿಭಾಗದ ಕೇಂದ್ರ ಕಚೇರಿ ಇರುವುದು ಮೈಸೂರಿನಲ್ಲಿ. ಪ್ರಾಚ್ಯವಿದ್ಯಾ ಸಂಶೋಧನಾಲಯ 1891ರಿಂದ ಇದೆ. ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿಯನ್ನು ಆರ್. ಶಾಮಾಶಾಸ್ತ್ರಿಗಳು ಓದಿ 1909ರಲ್ಲಿ ಅಚ್ಚು ಹಾಕಿಸಿದ್ದು ಅಲ್ಲಿಂದಲೇ. ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲಿ ಇತಿಹಾಸ ವಿಭಾಗ ಬೇರೆ, ಪ್ರಾಚೀನ ಇತಿಹಾಸ ಮತ್ತು ಪ್ರಾಕ್ತನಶಾಸ್ತ್ರ ವಿಭಾಗ ಬೇರೆ. ಕುವೆಂಪು ಕನ್ನಡ ಅಧ್ಯಯನ ಸಂಸ್ಥೆಯೂ ಅಲ್ಲೇ ಇದೆ. ಭಾರತೀಯ ಭಾಷಾ ಸಂಸ್ಥಾನ 1969ರಿಂದ ಇದೆ. ಇವೆಲ್ಲ ಒಂದೇ ಊರಿನಲ್ಲಿ, ಸಿಟಿ ಬಸ್ಸಿನಲ್ಲಿ ಹೋಗಿಬರುವಷ್ಟು ಹತ್ತಿರ.

ಆದರೆ ಶಾಸನ ಓದುವುದೇ ಹೊಟ್ಟೆಪಾಡು ಆಗುತ್ತದೆ ಅಂತ ನಾನು ಹೇಳಿದರೆ ನಿಮಗೆ ಮೋಸ ಮಾಡಿದ ಹಾಗೆ. ಶಾಸನ ತಜ್ಞರ ಹುದ್ದೆಗಳು ಇಡೀ ದೇಶಕ್ಕೆ ಬಹಳ ಕಡಿಮೆ. ಕರೆದಾಗ ಕೇಳುವುದೂ ಬರೀ ಇತಿಹಾಸವನ್ನಲ್ಲ, ಭಾಷೆಯನ್ನು. ಹಳಗನ್ನಡ ಗಟ್ಟಿ ಇರಬೇಕು. ಸಂಸ್ಕೃತ ಓದಲು ಬರಬೇಕು. ಬ್ರಾಹ್ಮಿಯಿಂದ ಕನ್ನಡ ಲಿಪಿ ಹೇಗೆ ಬದಲಾಗುತ್ತಾ ಬಂತು ಅಂತ ಶತಮಾನ ಶತಮಾನಕ್ಕೆ ಗುರುತಿಸಬೇಕು. ಅಕ್ಷರದ ತಿರುವು ನೋಡಿ ಇದು ಗಂಗರ ಕಾಲದ್ದು, ಇದು ಹೊಯ್ಸಳರದ್ದು ಅಂತ ಹೇಳಲು ವರ್ಷಗಟ್ಟಲೆ ಕಣ್ಣು ಪಳಗಬೇಕು. ಪಡಿಯಚ್ಚು ತೆಗೆಯುವುದೂ ಒಂದು ಕೈಕೆಲಸ. ಕಲ್ಲು ತೊಳೆದು, ಒದ್ದೆ ಕಾಗದ ಹಾಸಿ, ಕಾಗದ ಅಕ್ಷರದ ಗುಳಿಗೆ ಇಳಿಯುವ ಹಾಗೆ ಬ್ರಷ್ಷಿನಿಂದ ಬಡಿದು, ಮೇಲೆ ಮಸಿ ಒತ್ತುತ್ತಾರೆ. ಕಪ್ಪಿನ ನಡುವೆ ಅಕ್ಷರ ಬೆಳ್ಳಗೆ ಏಳುತ್ತದೆ. ಕನ್ನಡ ಸಾಹಿತ್ಯ ಪರಿಷತ್ತು ಶಾಸನಶಾಸ್ತ್ರದ ತರಗತಿ ನಡೆಸುತ್ತದೆ. ಎಂಎ ಆದಮೇಲೆ ಪ್ರಾಕ್ತನಶಾಸ್ತ್ರಕ್ಕೇ ಹೋಗುವುದಾದರೆ ಗ್ರೇಟರ್ ನೊಯ್ಡಾದಲ್ಲಿ ಪುರಾತತ್ವ ಸರ್ವೇಕ್ಷಣೆಯ ಸಂಸ್ಥೆಯೇ ಎರಡು ವರ್ಷದ ಡಿಪ್ಲೊಮಾ ಕೊಡುತ್ತದೆ. ಆದ್ದರಿಂದ ನನ್ನ ಮಾತು ಇಷ್ಟು: ಶಾಸನ ಅವನ ಜೀವದ ವಿಷಯವಾಗಿರಲಿ, ಅನ್ನಕ್ಕೆ ಅದರ ಪಕ್ಕದಲ್ಲಿ ಇನ್ನೊಂದು ದಾರಿ ಇರಲಿ. ಹೈಸ್ಕೂಲಿನಲ್ಲಿ ಮೇಷ್ಟ್ರಾಗಿದ್ದುಕೊಂಡೇ ಊರೂರು ತಿರುಗಿ ಹೊಸ ಶಾಸನ ಹುಡುಕಿದವರು ನಮ್ಮ ನಾಡಿನಲ್ಲಿ ಬೇಕಾದಷ್ಟು ಜನ ಇದ್ದಾರೆ.

ಈ ಲೆಕ್ಕ ಇಟ್ಟುಕೊಂಡು ಕಾಂಬಿನೇಷನ್, ಅಂದರೆ ಬಿಎಯಲ್ಲಿ ಒಟ್ಟಿಗೆ ಓದುವ ಮೂರು ವಿಷಯ, ಆರಿಸಬೇಕು. ಇಲ್ಲಿ ಮಕ್ಕಳು ತುಂಬಾ ಎಡವುತ್ತಾರೆ. ಗೆಳೆಯ ತೆಗೆದುಕೊಂಡ ಅಂತ ಇವನೂ ತೆಗೆದುಕೊಳ್ಳುತ್ತಾನೆ. ಎಂಎಗೆ ಸೇರಲು ಆ ವಿಷಯವನ್ನು ಸಾಮಾನ್ಯವಾಗಿ ಬಿಎಯಲ್ಲಿ ಓದಿರಬೇಕು. ಬಿ.ಎಡ್‌ನಲ್ಲಿ ಎರಡು ಬೋಧನಾ ವಿಷಯ ಇರುತ್ತವೆ, ಅವೂ ಬಿಎಯಲ್ಲಿ ಓದಿದ್ದರ ಮೇಲೆ ನಿಂತಿರುತ್ತವೆ. ಶಿಕ್ಷಕರ ನೇಮಕಾತಿ ಅಧಿಸೂಚನೆಯಲ್ಲೂ ಯಾವ ಐಚ್ಛಿಕ ವಿಷಯ ಓದಿರಬೇಕು ಅಂತ ಬರೆದಿರುತ್ತಾರೆ. ನಿಮ್ಮ ಮಗನಿಗೆ ಇತಿಹಾಸದ ಜೊತೆ ಐಚ್ಛಿಕ ಕನ್ನಡ ಇರುವ ಕಾಂಬಿನೇಷನ್ ಸಿಕ್ಕರೆ ಅದನ್ನೇ ತೆಗೆದುಕೊಳ್ಳಲಿ. ಹಳಗನ್ನಡವೂ ಸಿಗುತ್ತದೆ, ಎಂಎಗೆ ಎರಡು ಬಾಗಿಲೂ ತೆರೆದಿರುತ್ತವೆ. ಇನ್ನೊಂದು ವಿಷಯ ಅರ್ಥಶಾಸ್ತ್ರವೋ ರಾಜ್ಯಶಾಸ್ತ್ರವೋ ಆದರೆ ಮುಂದೆ ಸ್ಪರ್ಧಾತ್ಮಕ ಪರೀಕ್ಷೆಗೂ ಕೈ ಹಿಡಿಯುತ್ತದೆ. ಅಡ್ಮಿಷನ್‌ಗೆ ಹೋದ ದಿನ ಆಫೀಸಿನಲ್ಲಿ ಎರಡು ಪ್ರಶ್ನೆ ಕೇಳಿ. ಈ ಮೂರೂ ವಿಷಯಕ್ಕೆ ಈ ವರ್ಷ ಪಾಠ ಮಾಡುವವರು ಇದ್ದಾರಾ? ಡಿಗ್ರಿ ಸರ್ಟಿಫಿಕೇಟ್ ಯಾವ ವಿಶ್ವವಿದ್ಯಾಲಯದ ಹೆಸರಿನಲ್ಲಿ ಬರುತ್ತದೆ? ಇವನ್ನು ಕೇಳಲು ಸಂಕೋಚ ಬೇಡ.

ಇಂಗ್ಲಿಷಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಕನ್ನಡ ಮಾಧ್ಯಮದಲ್ಲಿ ಬಿಎ ಮಾಡಿದರೆ ಬೆಲೆ ಇಲ್ಲ ಅನ್ನುವುದು ತಪ್ಪು. ಐಎಎಸ್‌ನ ಮುಖ್ಯ ಪರೀಕ್ಷೆಯನ್ನೇ ಕನ್ನಡದಲ್ಲಿ ಬರೆಯಬಹುದು. ಕನ್ನಡ ಸಾಹಿತ್ಯವನ್ನು ಐಚ್ಛಿಕವಾಗಿ ತೆಗೆದುಕೊಂಡರೆ ಅದಕ್ಕೇ 500 ಅಂಕ. ಆದರೆ ನೆಟ್ ಪರೀಕ್ಷೆಯ ಇತಿಹಾಸದ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಬರುತ್ತದೆ. ಐದು ವರ್ಷ ಕನ್ನಡದಲ್ಲೇ ಓದಿ ಎಂಎ ರ‍್ಯಾಂಕ್ ಪಡೆದ ಮಕ್ಕಳು ಆ ಹಾಲ್‌ನಲ್ಲಿ ಪ್ರಶ್ನೆ ಅರ್ಥವಾಗದೆ ಕಣ್ಣೀರು ಹಾಕಿದ್ದನ್ನು ನನ್ನ ಮುಂದೆ ಹೇಳಿಕೊಂಡಿದ್ದಾರೆ. ವಿಷಯ ಗೊತ್ತಿತ್ತು, ಪ್ರಶ್ನೆ ಓದಲು ಬರಲಿಲ್ಲ. ಆದ್ದರಿಂದ ಬರೆಯುವುದು ಕನ್ನಡದಲ್ಲಾದರೂ ದಿನಕ್ಕೆ ನಾಲ್ಕು ಪುಟ ಇತಿಹಾಸವನ್ನು ಇಂಗ್ಲಿಷಿನಲ್ಲಿ ಓದುವ ಅಭ್ಯಾಸ ಮೊದಲ ವಾರದಿಂದಲೇ ಇರಲಿ. ಸೈನ್ಸ್ ಓದಿದವನಿಗೆ ಇದು ಅಷ್ಟು ಕಷ್ಟ ಆಗದು. ಎರಡು ಭಾಷೆ ಚೆನ್ನಾಗಿ ಬಂದರೆ ಅನುವಾದ, ಪತ್ರಿಕೆ, ಪ್ರಕಾಶನ, ಕಂಪ್ಯೂಟರಿಗೆ ಕನ್ನಡ ಕಲಿಸುವ ಹೊಸ ಕೆಲಸಗಳು, ಹೀಗೆ ಬೇರೆ ದಾರಿಗಳೂ ತೆರೆಯುತ್ತವೆ.

ಎಲ್ಲಿ ಓದಬೇಕು? ಮಂಡ್ಯದಲ್ಲಿ ಸೇರಿದರೆ ಮನೆ ಊಟ, ಬಸ್ ಪಾಸ್, ಖರ್ಚು ತುಂಬಾ ಕಡಿಮೆ. ಮೈಸೂರಾದರೆ ನಾನು ಮೇಲೆ ಹೇಳಿದ ಕಚೇರಿ, ಲೈಬ್ರರಿ, ಜನ ಎಲ್ಲ ಸಿಗುತ್ತಾರೆ. ಮದ್ದೂರಿನಿಂದ ಮೈಸೂರಿಗೆ ದಿನಾ ರೈಲಿನಲ್ಲಿ ಓಡಾಡುವ ಮಕ್ಕಳು ಇದ್ದಾರೆ. ಆದರೆ ಒಂದು ಕಡೆಗೆ ಅರವತ್ತು ಕಿಲೋಮೀಟರ್ ಮೇಲೆ. ಬೆಳಿಗ್ಗೆ ಕತ್ತಲಲ್ಲಿ ಹೊರಟು ಸಂಜೆ ರೈಲಿಗೆ ಓಡಿಬರುವ ಹುಡುಗ ಲೈಬ್ರರಿಯಲ್ಲಿ ಕೂರುವುದು ಯಾವಾಗ? ಹಾಸ್ಟೆಲ್ ಸಿಕ್ಕರೆ ಮೈಸೂರು, ಸಿಗದಿದ್ದರೆ ಮೊದಲ ವರ್ಷ ಮಂಡ್ಯ ಅನ್ನುವುದು ನನ್ನ ಸಲಹೆ. ಮಂಡ್ಯದಲ್ಲಿ ಓದಿ ಎಂಎಗೆ ಮಾನಸಗಂಗೋತ್ರಿಗೆ ಹೋದ ಮಕ್ಕಳು ಎಷ್ಟೋ ಜನ. ಜಾತಿ, ಆದಾಯ ಪ್ರಮಾಣಪತ್ರ ಹಳೆಯದಾಗಿದ್ದರೆ ಈಗಲೇ ನಾಡಕಚೇರಿಯಲ್ಲಿ ಮಾಡಿಸಿ. ಸರ್ಕಾರಿ ಹಾಸ್ಟೆಲಿಗೂ ರಾಜ್ಯ ಸರ್ಕಾರದ ಎಸ್‌ಎಸ್‌ಪಿ ವಿದ್ಯಾರ್ಥಿವೇತನಕ್ಕೂ ಅದಿಲ್ಲದೆ ಆಗುವುದಿಲ್ಲ. ಇದೊಂದು ಕಾಗದ ತಡವಾಗಿ ಇಡೀ ವರ್ಷದ ಹಣ ಕಳೆದುಕೊಂಡವರಿದ್ದಾರೆ. ಮುಕ್ತ ವಿಶ್ವವಿದ್ಯಾಲಯದ ಬಿಎ ಕೆಲಸದಲ್ಲಿರುವವರಿಗೆ, ಮದುವೆಯಾಗಿ ಓದು ಬಿಟ್ಟವರಿಗೆ ಒಳ್ಳೆಯದು. ಹದಿನೆಂಟರ ಹುಡುಗನಿಗೆ ತರಗತಿ ಬೇಕು, ಜೊತೆಗಾರರು ಬೇಕು.

ಇನ್ನೂ ಎರಡು ದಾರಿ ಇವೆ. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ ಬಿಎ ಮತ್ತು ಬಿ.ಎಡ್ ಸೇರಿಸಿ ನಾಲ್ಕೇ ವರ್ಷಕ್ಕೆ ಮುಗಿಯುವ ಓದಿದೆ. ಬೇರೆ ಬೇರೆ ಮಾಡಿದರೆ ಐದು ವರ್ಷ. ಶಿಕ್ಷಕ ಆಗುವ ಮನಸ್ಸಿದ್ದರೆ ಒಂದು ವರ್ಷ ಉಳಿಯುತ್ತದೆ. ಆದರೆ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಬರೆದಿರಬೇಕು. ಇನ್ನೊಂದು ಕಾನೂನು. ಬಿಎ ಆದಮೇಲೆ ಮೂರು ವರ್ಷ. ಹಳೆಯ ದಾಖಲೆ ಓದಿ ಅರ್ಥ ಮಾಡಿಕೊಳ್ಳುವ ತಾಳ್ಮೆ ಇರುವವರಿಗೆ ಅದು ಒಗ್ಗುತ್ತದೆ.

ಎಂಜಿನಿಯರಿಂಗ್ ಬಗ್ಗೆಯೂ ಒಂದು ಮಾತು ಹೇಳದಿದ್ದರೆ ನಿಮ್ಮ ಮೈದುನರಿಗೆ ನ್ಯಾಯವಾಗುವುದಿಲ್ಲ. ಅವರು ಅಣ್ಣನ ಮಗನ ಒಳ್ಳೆಯದಕ್ಕೇ ಹೇಳುತ್ತಿದ್ದಾರೆ. ಒಳ್ಳೆಯ ಕಾಲೇಜು, ಇಷ್ಟಪಟ್ಟು ಓದುವ ಹುಡುಗ ಆದರೆ ಎಂಜಿನಿಯರಿಂಗ್ ಬೇಗ ಮೇಲೆತ್ತುವ ಓದು. ಇಲ್ಲಿ ಹುಡುಗನಿಗೆ ಆ ಇಷ್ಟವೇ ಇಲ್ಲ. ಮನಸ್ಸಿಲ್ಲದೆ ಸೇರಿ, ಮ್ಯಾಥ್ಸ್ ಬ್ಯಾಕ್‌ಲಾಗ್ ಉಳಿಸಿಕೊಂಡು, ಅಡವಿಟ್ಟ ಜಮೀನಿನ ಬಡ್ಡಿ ನೆನೆಸಿಕೊಂಡು ಊರಿಗೆ ಮುಖ ತೋರಿಸಲಾಗದೆ ಬೆಂಗಳೂರಿನಲ್ಲೇ ಉಳಿದ ಮಕ್ಕಳ ತಂದೆಯರನ್ನು ನಾನು ಮಂಡ್ಯದಲ್ಲಿ ಕಂಡಿದ್ದೇನೆ.

ಜಮೀನು ಅಡವಿಡಬೇಡಿ ಅಂದೆನಲ್ಲ, ಕಾರಣ ಇದು. ಬಿಎಗೆ ಸೇರಿ ಆರು ತಿಂಗಳಲ್ಲಿ ಇದು ಬೇಡ ಅನ್ನಿಸಿದರೆ ಹಿಂದೆ ಬರಬಹುದು. ಪಿಯುಸಿ ಸೈನ್ಸ್ ಮಾರ್ಕ್ಸ್ ಎಲ್ಲೂ ಹೋಗುವುದಿಲ್ಲ. ಮುಂದಿನ ವರ್ಷ ಮತ್ತೆ ಸಿಇಟಿ ಬರೆಯಬಹುದು, ಬಿಎಸ್ಸಿಗೆ ಸೇರಬಹುದು. ಹೋಗುವುದು ಒಂದು ವರ್ಷ, ಸ್ವಲ್ಪ ಫೀಸು. ಸಾಲ ಮಾಡಿ ಎಂಜಿನಿಯರಿಂಗ್ ಸೇರಿ ಎರಡನೇ ವರ್ಷದಲ್ಲಿ ಬೇಡ ಅನ್ನಿಸಿದರೆ ಹಿಂದೆ ಬರುವುದು ಬಹಳ ಕಷ್ಟ. ಹುಡುಗನ ಮನಸ್ಸು ಇನ್ನೂ ಗಟ್ಟಿಯಾಗದ ವಯಸ್ಸಿನಲ್ಲಿ ಹಿಂದೆ ಬರಲು ಆಗುವ ದಾರಿಯನ್ನೇ ಮೊದಲು ಹಿಡಿಯುವುದು ಕ್ಷೇಮ.

ಹುಡುಗನ ಮನಸ್ಸನ್ನೂ ಸ್ವಲ್ಪ ಪರೀಕ್ಷೆ ಮಾಡಿ. ಶಾಸನ ಇಷ್ಟ ಅನ್ನುವುದು ಸರಿ. ಬಿಎಯಲ್ಲಿ ಫ್ರಾನ್ಸಿನ ಕ್ರಾಂತಿಯನ್ನೂ ಓದಬೇಕು, ಸಂವಿಧಾನವನ್ನೂ ಓದಬೇಕು, ಹಣದುಬ್ಬರವನ್ನೂ ಓದಬೇಕು. ಡಿಗ್ರಿಯ ಇತಿಹಾಸದ ಪಠ್ಯಪುಸ್ತಕ ಒಂದನ್ನು ಯಾರಿಂದಾದರೂ ತಂದುಕೊಡಿ. ಇಪ್ಪತ್ತು ದಿನದಲ್ಲಿ ಓದಿ, ಅದರ ಬಗ್ಗೆ ನಾಲ್ಕು ಪುಟ ತನ್ನ ಮಾತಿನಲ್ಲಿ ಬರೆದು ಅಪ್ಪನಿಗೆ ಓದಿ ಹೇಳಲಿ. ಬರೆದನೋ, ಅವನಿಗೆ ಬೇಕಾದದ್ದು ಇತಿಹಾಸ. ಬರೆಯಲು ಬೇಸರ ಬಂತೋ, ಅವನಿಗೆ ಬೇಕಾದದ್ದು ಆ ಕಲ್ಲು ಮಾತ್ರ. ಕಲ್ಲನ್ನು ಯಾವ ಓದು ಓದುತ್ತಿದ್ದರೂ ನೋಡಬಹುದು. ಇನ್ನು ಐಎಎಸ್ ಮಾಡ್ತೀನಿ ಅಂತ ಹೇಳಿ ಬಿಎ ಸೇರುತ್ತಿದ್ದರೆ ಮಾತ್ರ ಹುಷಾರು. ಡಿಗ್ರಿ ಆದಮೇಲೆ ಬೆಂಗಳೂರಿನ ವಿಜಯನಗರದ ಕೋಚಿಂಗ್‌ನಲ್ಲಿ ನಾಲ್ಕೈದು ವರ್ಷ ಕಳೆದು ಬರಿಗೈಯಲ್ಲಿ ಬಂದ ಜಾಣ ಮಕ್ಕಳು ಬಹಳ. ಪ್ರಯತ್ನ ಮಾಡಲಿ, ಆದರೆ ಎಷ್ಟು ವರ್ಷ ಅಂತ ಮೊದಲೇ ಗೆರೆ ಹಾಕಿಕೊಳ್ಳಲಿ.

ಹೆಣ್ಣು ಕೊಡ್ತಾರಾ ಅಂತ ಕೇಳಿದ್ದೀರಿ. ಇದು ಸಣ್ಣ ಮಾತಲ್ಲ. ಹೆಣ್ಣು ಸಿಗುತ್ತಿಲ್ಲ ಅಂತ ನಮ್ಮ ಮಂಡ್ಯದ ರೈತ ಹುಡುಗರು 2023ರಲ್ಲಿ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದದ್ದು ನಿಮಗೂ ಗೊತ್ತು. ಅಲ್ಲಿ ಜನ ನೋಡಿದ್ದು ಡಿಗ್ರಿಯ ಹೆಸರನ್ನಲ್ಲ, ತಿಂಗಳ ಆದಾಯ ಇದೆಯಾ ಅನ್ನುವುದನ್ನು. ಇಪ್ಪತ್ತೇಳಕ್ಕೆ ಸ್ಥಿರವಾದ ಕೆಲಸದಲ್ಲಿರುವ ಬಿಎ, ಬಿ.ಎಡ್ ಹುಡುಗನ ಮನೆಗೆ ಜಾತಕ ಬರುತ್ತದೆ. ಸಾಲದಲ್ಲಿರುವ ಮನೆಗೆ ಬರುವುದು ಕಷ್ಟ, ಮಗ ಏನೇ ಓದಿರಲಿ.

ಯಜಮಾನರ ಸಂಕಟ ನನಗೆ ಅರ್ಥವಾಗುತ್ತದೆ. ಅವರನ್ನೂ ಮಗನನ್ನೂ ಒಂದು ದಿನ ಮೈಸೂರಿಗೆ ಕಳಿಸಿ. ಮಹಾರಾಜ ಕಾಲೇಜು, ಮಾನಸಗಂಗೋತ್ರಿ ಎರಡನ್ನೂ ನೋಡಲಿ. ಇತಿಹಾಸ ವಿಭಾಗದಲ್ಲಿ ಎಂಎ ಓದುತ್ತಿರುವ ಮಕ್ಕಳನ್ನು ಮಾತಾಡಿಸಲಿ, ಅವರಲ್ಲಿ ಕಬ್ಬು ಬೆಳೆಯುವ ಮನೆಯಿಂದ ಬಂದವರು ಸಿಕ್ಕೇ ಸಿಗುತ್ತಾರೆ. ಅಪ್ಪ ತನ್ನ ಕಣ್ಣಿಂದ ನೋಡಿದರೆ ಊರವರ ಮಾತಿನ ಭಾರ ಸ್ವಲ್ಪ ಇಳಿಯುತ್ತದೆ.

ಫೋಟೋ ನೋಡಿದೆ. ಮಧ್ಯಾಹ್ನದ ನೆತ್ತಿ ಬಿಸಿಲಿನಲ್ಲಿ ತೆಗೆದದ್ದು, ಅಕ್ಷರದ ಗುಳಿಯೆಲ್ಲ ಮುಚ್ಚಿಹೋಗಿದೆ. ಬೆಳಿಗ್ಗೆ ಏಳು ಗಂಟೆಗೋ ಸಂಜೆ ಐದೂವರೆಗೋ ಬಿಸಿಲು ಓರೆಯಾಗಿ ಬೀಳುವಾಗ ತೆಗೆಯಲು ಹೇಳಿ. ಒಂದೊಂದು ಸಾಲನ್ನೂ ಬೇರೆ ಬೇರೆಯಾಗಿ ತೆಗೆಯಲಿ, ಪಕ್ಕದಲ್ಲಿ ಅಳತೆಗೆ ಸ್ಕೇಲ್ ಇಡಲಿ. ಅಕ್ಷರ ಕಾಣಲಿ ಅಂತ ಸುಣ್ಣ, ಎಣ್ಣೆ, ಅರಿಶಿನ ಏನನ್ನೂ ಹಚ್ಚಬಾರದು, ಗುಡಿಯವರಿಗೂ ಹೇಳಿ. ಮಂಡ್ಯ ಜಿಲ್ಲೆಯಾದದ್ದು 1939ರಲ್ಲಿ. ಆದ್ದರಿಂದ ನಮ್ಮ ನಾಡಿನ ಶಾಸನಗಳನ್ನು ಹುಡುಕಿ ಅಚ್ಚು ಹಾಕಿಸಿದ ಬಿ.ಎಲ್. ರೈಸ್ ಕಾಲದ ಎಪಿಗ್ರಾಫಿಯಾ ಕರ್ನಾಟಿಕಾ ಅನ್ನುವ ಶಾಸನ ಸಂಗ್ರಹದಲ್ಲಿ ನಿಮ್ಮ ಕಡೆಯ ಶಾಸನಗಳು ಮೈಸೂರು ಜಿಲ್ಲೆಯ ಸಂಪುಟಗಳಲ್ಲಿವೆ. ಮೈಸೂರು ವಿಶ್ವವಿದ್ಯಾಲಯ ಆಮೇಲೆ ತಂದ ಪರಿಷ್ಕೃತ ಆವೃತ್ತಿಯಲ್ಲಿ ಮದ್ದೂರು ಏಳನೇ ಸಂಪುಟದಲ್ಲಿದೆ. ಮೈಸೂರಿಗೆ ಹೋದ ದಿನ ಲೈಬ್ರರಿಯಲ್ಲಿ ಅದನ್ನು ಕೇಳಿ ತೆಗೆಸಿ, ನಿಮ್ಮೂರ ಹೆಸರು ಇದೆಯಾ ಅಂತ ಅವನೇ ಹುಡುಕಲಿ. ಇದ್ದರೆ ತಾನು ಓದಿದ್ದನ್ನು ಅಲ್ಲಿಯ ಪಾಠದ ಜೊತೆ ಇಟ್ಟು ನೋಡಲಿ. ಇಲ್ಲದಿದ್ದರೆ ಆ ನೋಟ್‌ಬುಕ್ಕಿನ ಪುಟಗಳನ್ನು ಹೊಸ ಫೋಟೋಗಳ ಜೊತೆ ನನಗೆ ಕಳಿಸಿಕೊಡಿ, ಒಟ್ಟಿಗೆ ಓದೋಣ.